ಸ್ಟೆಬಿಲೈಸರ್ ಆಫ್ ಮಾಡೋದು ಯಾವಾಗ? ಟ್ರೈಪಾಡ್ ಮೇಲೆ ಮಾತ್ರನಾ?

ಹೊಸ_ಟ್ರೈಪಾಡ್:

ಎಲ್ಲರಿಗೂ ನಮಸ್ಕಾರ. ನನ್ನ 70-300 ಎಂಎಂ ಲೆನ್ಸಿನ ಪಕ್ಕದಲ್ಲಿ ಸ್ಟೆಬಿಲೈಸರ್ (ಕೈ ನಡುಕದಿಂದ ಚಿತ್ರ ಮಸುಕಾಗದಂತೆ ತಡೆಯುವ ವ್ಯವಸ್ಥೆ) ಸ್ವಿಚ್ ಇದೆ. ಲೆನ್ಸ್ ತಂದ ದಿನದಿಂದ ಅದು ಆನ್‌ನಲ್ಲೇ ಇದೆ. ಮೊನ್ನೆ ಕ್ಯಾಮೆರಾವನ್ನು ಟ್ರೈಪಾಡ್ ಮೇಲಿಟ್ಟು, 2 ಸೆಕೆಂಡ್ ಟೈಮರ್ ಹಾಕಿ, ಮುಸ್ಸಂಜೆಯಲ್ಲಿ ದೂರದ ಗುಡ್ಡದ ಫೋಟೋ ತೆಗೆದೆ. 300 ಎಂಎಂ, ಶಟರ್ 1 ಸೆಕೆಂಡ್. ದೊಡ್ಡದು ಮಾಡಿ ನೋಡಿದರೆ ಗುಡ್ಡದ ಮೇಲಿನ ಟವರಿನ ಅಂಚು ಎರಡೆರಡಾಗಿ ಬಂದಿದೆ. ಅದರ ಹಿಂದೆ ಮುಂದೆ ತೆಗೆದ ಕೆಲವು ಫೋಟೋಗಳು ಮಾತ್ರ ಪೂರ್ತಿ ಶಾರ್ಪ್. ಫೋಕಸ್ ಮ್ಯಾನುಯಲ್‌ನಲ್ಲಿತ್ತು, ರಿಂಗ್ ಮುಟ್ಟಿಲ್ಲ. ಗಾಳಿಯೂ ಇರಲಿಲ್ಲ.

ಟ್ರೈಪಾಡ್ ಮೇಲಿದ್ದಾಗ ಸ್ಟೆಬಿಲೈಸರ್ ಆಫ್ ಮಾಡಲೇಬೇಕು ಅಂತ ಕೆಲವರು ಹೇಳುತ್ತಾರೆ. ಈಗಿನ ಕ್ಯಾಮೆರಾಗಳಿಗೆ ಅದೆಲ್ಲ ಬೇಕಾಗಿಲ್ಲ ಅಂತ ಇನ್ನು ಕೆಲವರು. ಯಾವುದು ಸರಿ? ಟ್ರೈಪಾಡ್ ಬಿಟ್ಟು ಬೇರೆ ಯಾವಾಗಲಾದರೂ ಆಫ್ ಮಾಡಬೇಕಾ?

ಗೈರೋಗೆಳೆಯ:

ಸರ್, ಫೋಕಸ್ ಸರಿಯಿದ್ದು, ಒಂದು ಫ್ರೇಮ್ ಶಾರ್ಪ್, ಇನ್ನೊಂದರಲ್ಲಿ ಅಂಚು ಡಬಲ್ ಅಂದರೆ ಮೊದಲ ಅನುಮಾನ ಸ್ಟೆಬಿಲೈಸರ್ ಮೇಲೆಯೇ. ಸ್ವಲ್ಪ ಉದ್ದ ಆಗುತ್ತದೆ, ಆದರೆ ಒಳಗೆ ಏನಾಗುತ್ತದೆ ಅಂತ ಗೊತ್ತಾದರೆ ನಿಮ್ಮ ಉಳಿದ ಪ್ರಶ್ನೆಗೂ ಅಲ್ಲೇ ಉತ್ತರ ಸಿಗುತ್ತದೆ.

ಲೆನ್ಸ್ ಅಥವಾ ಕ್ಯಾಮೆರಾ ಬಾಡಿ ಒಳಗೆ ಪುಟ್ಟ ಗೈರೋ ಸೆನ್ಸರ್‌ಗಳಿವೆ. ಕ್ಯಾಮೆರಾ ಎಷ್ಟು ವೇಗವಾಗಿ ತಿರುಗುತ್ತಿದೆ ಅನ್ನುವುದನ್ನು ಅವು ಅಳೆಯುತ್ತವೆ. ಗಮನಿಸಿ, ಅಳೆಯುವುದು ವೇಗವನ್ನು, ಕೋನವನ್ನಲ್ಲ. ಆ ವೇಗವನ್ನು ಕ್ಷಣಕ್ಷಣಕ್ಕೂ ಕೂಡಿಸುತ್ತಾ ಹೋಗಿ, ಒಟ್ಟು ಎಷ್ಟು ತಿರುಗಿತು ಅಂತ ಕ್ಯಾಮೆರಾ ಲೆಕ್ಕ ಹಾಕುತ್ತದೆ. ಅದಕ್ಕೆ ತಕ್ಕಂತೆ ಲೆನ್ಸ್ ಒಳಗಿನ ಒಂದು ಗಾಜಿನ ಗುಂಪನ್ನೋ, ಬಾಡಿಯಲ್ಲಿ ಚಿತ್ರ ಹಿಡಿಯುವ ಸೆನ್ಸರನ್ನೋ ಎದುರು ದಿಕ್ಕಿಗೆ ಸರಿಸುತ್ತದೆ.

ತೊಂದರೆ ಇರುವುದು ಆ ಕೂಡಿಸುವ ಲೆಕ್ಕದಲ್ಲಿ. ಯಾವ ಗೈರೋನೂ ಸುಮ್ನೆ ಇಟ್ಟಾಗ ಪಕ್ಕಾ ಸೊನ್ನೆ ತೋರಿಸುವುದಿಲ್ಲ. ಒಂದಿಷ್ಟು ತಪ್ಪು ವೇಗ ತೋರಿಸುತ್ತಲೇ ಇರುತ್ತದೆ. ಕೈಯಲ್ಲಿ ಹಿಡಿದು 1/15 ಸೆಕೆಂಡಿನಲ್ಲಿ ತೆಗೆಯುವಾಗ ಆ ತಪ್ಪು ಲೆಕ್ಕಕ್ಕೇ ಬರುವುದಿಲ್ಲ, ಕೈ ನಡುಕದ ಮುಂದೆ ಅದು ಏನೂ ಅಲ್ಲ. ಆದರೆ ಟ್ರೈಪಾಡ್ ಮೇಲೆ 1 ಸೆಕೆಂಡ್ ತೆರೆದಿಟ್ಟರೆ? ಸರಿಪಡಿಸಲು ನಿಜವಾದ ಅಲುಗಾಟ ಇಲ್ಲ, ತಪ್ಪು ಮಾತ್ರ ಕೂಡುತ್ತಾ ಹೋಗುತ್ತದೆ. ಗಾಜಿನ ಗುಂಪು ಮೆಲ್ಲಗೆ ಒಂದು ಕಡೆಗೆ ಜಾರುತ್ತದೆ. ಮತ್ತೆ ನಡುವಿಗೆ ವಾಪಸ್ ಬರುತ್ತದೆ. ಹಾಗೆ ಆದ ಫ್ರೇಮಿನಲ್ಲಿ ಅಂಚು ಎರಡು, ಆಗದ ಫ್ರೇಮು ಶಾರ್ಪ್.

ಇನ್ನೊಂದು ಕಾರಣವೂ ಇದೆ. ಆ ಗುಂಪು ಚಲಿಸುವಾಗ ಲೆನ್ಸನ್ನೇ ಚೂರು ಅಲುಗಾಡಿಸುತ್ತದೆ. ಕೈಯಲ್ಲಿದ್ದರೆ ಕೈಯ ಮಾಂಸವೇ ಅದನ್ನು ಹೀರಿಕೊಳ್ಳುತ್ತದೆ. ಟ್ರೈಪಾಡಿಗೆ ಬಿಗಿದಾಗ ಹೀರಿಕೊಳ್ಳುವವರು ಯಾರೂ ಇಲ್ಲ. ಗೈರೋ ಅದನ್ನೂ ಅಲುಗಾಟ ಅಂತಲೇ ತಿಳಿದು ಮತ್ತೆ ಸರಿಪಡಿಸಲು ಹೋಗುತ್ತದೆ. ಹಳೆಯ ಲೆನ್ಸ್‌ಗಳಲ್ಲಿ ಇದು ಕಣ್ಣಿಗೇ ಕಾಣುತ್ತದೆ: ಲೈವ್ ವ್ಯೂ (ಹಿಂದಿನ ಪರದೆಯಲ್ಲಿ ನೇರ ಚಿತ್ರ) ಹಾಕಿ, 10 ಪಟ್ಟು ಹಿಗ್ಗಿಸಿ, ಯಾರೂ ಮುಟ್ಟದೆ ನಿಂತು ನೋಡಿ. ಚಿತ್ರ ತೇಲಿಕೊಂಡು ಹೋಗುತ್ತದೆ. ಸ್ವಿಚ್ ಆಫ್ ಮಾಡಿದ ತಕ್ಷಣ ಗಕ್ಕನೆ ನಿಲ್ಲುತ್ತದೆ. ನಿಮ್ಮ ಲೆನ್ಸಿನ ಮೇಲೆ ಮೊದಲು ಇದನ್ನೇ ಮಾಡಿ ನೋಡಿ.

ಹಳೇಲೆನ್ಸ್:

ಗೈರೋಗೆಳೆಯರು ಹೇಳಿದ್ದು ಸರಿ. "ಈಗಿನ ಕ್ಯಾಮೆರಾಗೆ ಬೇಕಾಗಿಲ್ಲ" ಅನ್ನುವ ಮಾತು ಎಲ್ಲಿಂದ ಬಂತು ಅಂತ ಹೇಳುತ್ತೇನೆ.

ಎಸ್‌ಎಲ್‌ಆರ್‌ಗೆ ಮೊದಲ ಸ್ಟೆಬಿಲೈಸರ್ ಲೆನ್ಸ್ ಬಂದದ್ದು 1995ರಲ್ಲಿ, ಕ್ಯಾನನ್‌ನ 75-300 ಎಂಎಂ. ಅದಕ್ಕೆ ಟ್ರೈಪಾಡ್ ಗೊತ್ತಾಗುತ್ತಿರಲಿಲ್ಲ, ನಾವೇ ಆಫ್ ಮಾಡಬೇಕಿತ್ತು. ಮುಂದೆ 1999ರಲ್ಲಿ ಬಂದ ಅವರದೇ ದೊಡ್ಡ ಟೆಲಿಫೋಟೋ ಲೆನ್ಸ್‌ಗಳು ಟ್ರೈಪಾಡ್ ಮೇಲಿದ್ದರೆ ತಾವೇ ಗುರುತಿಸಿ ಅದಕ್ಕೆ ಹೊಂದಿಕೊಳ್ಳುವಂತೆ ಆದವು. ಆಮೇಲೆ ಬೇರೆ ಕಂಪನಿಗಳೂ ಇಂಥದ್ದನ್ನು ತಂದವು. ಪೆಂಟಾಕ್ಸ್ ಡಿಎಸ್‌ಎಲ್‌ಆರ್‌ಗಳಲ್ಲಿ ಇನ್ನೊಂದು ಜಾಣ ದಾರಿ: 2 ಸೆಕೆಂಡ್ ಟೈಮರ್ ಹಾಕಿದರೆ ಟ್ರೈಪಾಡ್ ಮೇಲೆಯೇ ಇರಬೇಕು ಅಂತ ತಿಳಿದು ಬಾಡಿ ತಾನೇ ಸ್ಟೆಬಿಲೈಸರ್ ನಿಲ್ಲಿಸುತ್ತದೆ.

ಹಾಗಾಗಿ ಇಬ್ಬರು ಹೇಳಿದ್ದೂ ಸುಳ್ಳಲ್ಲ. ನಿಮ್ಮ ಕೈಯಲ್ಲಿರುವ ಲೆನ್ಸಿನ ಕೈಪಿಡಿ ತೆಗೆದು ಆ ಒಂದು ಪುಟ ಓದಿ. ಅದು ಹೇಳಿದ್ದೇ ಕೊನೆಯ ಮಾತು. ನಿಕಾನ್ ಕೈಪಿಡಿಗಳಲ್ಲಿ ಒಂದು ಒಳ್ಳೆಯ ಸೂಕ್ಷ್ಮ ಇದೆ: ಟ್ರೈಪಾಡ್ ಭದ್ರವಾಗಿದ್ದರೆ ವಿಆರ್ (ಸ್ಟೆಬಿಲೈಸರ್‌ಗೆ ನಿಕಾನ್ ಇಟ್ಟ ಹೆಸರು) ಆಫ್, ಟ್ರೈಪಾಡ್ ಹೆಡ್ ಬಿಗಿಯದೆ ಸಡಿಲ ಬಿಟ್ಟಿದ್ದರೆ ಅಥವಾ ಒಂಟಿ ಕಾಲಿನ ಮೊನೊಪಾಡ್ ಆದರೆ ಆನ್. ಅಂದರೆ ನೋಡಬೇಕಾದದ್ದು ಕ್ಯಾಮೆರಾ ಕೆಳಗೆ ಕಾಲಿದೆಯಾ ಅಂತಲ್ಲ, ಕ್ಯಾಮೆರಾ ನಿಜವಾಗಿ ಅಲುಗಾಡುತ್ತಿದೆಯಾ ಅಂತ.

ಹಕ್ಕಿಹಿಂದೆ:

ಮೇಲಿನವರ ಕೊನೆಯ ಸಾಲನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಹಕ್ಕಿ ಫೋಟೋ ತೆಗೆಯುವ ನಾವೆಲ್ಲ ಟ್ರೈಪಾಡ್ ಮೇಲೆ ಗಿಂಬಲ್ ಹೆಡ್ (ಭಾರದ ಲೆನ್ಸನ್ನು ಎತ್ತ ಬೇಕಾದರೂ ಸಲೀಸಾಗಿ ತಿರುಗಿಸಲು ಬಿಡುವ ತಲೆ) ಹಾಕಿ, ಲಾಕ್ ಮಾಡದೆ, ಕೈ ಮೇಲಿಟ್ಟುಕೊಂಡೇ ಇರುತ್ತೇವೆ. ಅಲ್ಲಿ ನಾನು ಯಾವತ್ತೂ ಆಫ್ ಮಾಡುವುದಿಲ್ಲ. 500 ಎಂಎಂನಲ್ಲಿ ಬೆರಳು ತಾಗಿದರೂ ಫ್ರೇಮ್ ನಡುಗುತ್ತದೆ. ಮರದ ಅಟ್ಟಣಿಗೆ, ಸೇತುವೆ, ಗಾಳಿ ಬೀಸುವ ದಿಬ್ಬ, ಇಂಥ ಕಡೆ ಟ್ರೈಪಾಡ್ ಇಟ್ಟರೂ ನೆಲವೇ ಕಂಪಿಸುತ್ತದೆ. ಅಲ್ಲಿ ಆನ್ ಇಟ್ಟರೆ ಉಪಯೋಗ ಆಗಬಹುದು, ಎರಡೂ ರೀತಿ ತೆಗೆದು ನೋಡುವುದೇ ಸರಿ.

ಇನ್ನು ಶಟರ್ ಸ್ಪೀಡ್ ವಿಷಯ. 1/1000 ದಾಟಿದ ಮೇಲೆ ಸ್ಟೆಬಿಲೈಸರ್ ಆಫ್ ಮಾಡಿ ಅನ್ನುವ ಸಲಹೆ ತುಂಬಾ ಕಡೆ ಸಿಗುತ್ತದೆ. ನನ್ನ ಪ್ರಕಾರ ಅದು ಅರ್ಧ ಸತ್ಯ. ಅಷ್ಟು ವೇಗದಲ್ಲಿ ಶಾರ್ಪ್‌ನೆಸ್‌ಗೆ ಅದು ಬೇಕಾಗಿಲ್ಲ, ಒಪ್ಪುತ್ತೇನೆ. ಆದರೆ ವ್ಯೂಫೈಂಡರ್‌ನಲ್ಲಿ ಚಿತ್ರ ನಿಲ್ಲಬೇಕಲ್ಲ? ಉದ್ದ ಲೆನ್ಸಿನಲ್ಲಿ ಹಾರುವ ಹಕ್ಕಿಯ ಕಣ್ಣಿನ ಮೇಲೆ ಫೋಕಸ್ ಚೌಕ ಕೂರಿಸಬೇಕಾದರೆ ಚಿತ್ರ ಕುಣಿಯಬಾರದು. ಚಿತ್ರ ನಿಂತರೆ ಆಟೋಫೋಕಸ್‌ಗೂ ಸಲೀಸು. ಈ ಒಂದು ಕಾರಣಕ್ಕೆ 1/2500ರಲ್ಲೂ ನನ್ನ ಸ್ವಿಚ್ ಆನ್.

ಬೆಳಕುಬೇಟೆ:

ಹಕ್ಕಿಹಿಂದೆ ಸರ್, ಇಲ್ಲಿ ನಾನು ಒಪ್ಪುವುದಿಲ್ಲ. ಆನ್ ಇದ್ದರೆ ನಷ್ಟ ಏನೂ ಇಲ್ಲ ಅನ್ನುವ ಹಾಗೆ ಬರೆದಿದ್ದೀರಿ.

ನಾನು ಮೈದಾನದ ಆಟ ತೆಗೆಯುತ್ತೇನೆ. ಆಟಗಾರ ಕಣ್ಣಿಗೆ ಬಿದ್ದ ತಕ್ಷಣ ಕ್ಯಾಮೆರಾ ಎತ್ತಿ ಒತ್ತಿಬಿಡಬೇಕು. ಸ್ಟೆಬಿಲೈಸರ್ ಶುರುವಾಗಿ ನೆಲೆ ನಿಲ್ಲಲು ಒಂದು ಗಳಿಗೆ ಬೇಕು. ಶಟರ್ ಅರ್ಧ ಒತ್ತಿ ಸುಮಾರು 1 ಸೆಕೆಂಡ್ ಕಾಯಿರಿ ಅಂತ ಕೆಲವು ಕೈಪಿಡಿಗಳೇ ಹೇಳುತ್ತವೆ. ಕಾಯದೆ ಒತ್ತಿದರೆ ಮೊದಲ ಒಂದೆರಡು ಫ್ರೇಮಿನಲ್ಲಿ ಗಾಜಿನ ಗುಂಪು ಇನ್ನೂ ಓಡಾಡುತ್ತಿರುತ್ತದೆ. ಅದೂ ಅಲ್ಲದೆ ಅದು ಲೆನ್ಸಿನ ನಡುಗೆರೆಯಿಂದ ಪಕ್ಕಕ್ಕೆ ಸರಿದಾಗ ಹಿನ್ನೆಲೆಯ ಮಸುಕು ಒಂದೊಂದು ಲೆನ್ಸಿನಲ್ಲಿ ಒಂದೊಂದು ಥರ ಗಲಿಬಿಲಿಯಾಗಿ ಬರುತ್ತದೆ. 1/1600ರಲ್ಲಿ ನನಗೆ ಸಿಗುವ ಲಾಭ ಏನೂ ಇಲ್ಲ ಅಂದ ಮೇಲೆ ಈ ತಂಟೆ ಯಾಕೆ? ನಾನು ಆಫ್ ಮಾಡುತ್ತೇನೆ.

ಹಕ್ಕಿಹಿಂದೆ:

ಒಪ್ಪಿದೆ. ಗಕ್ಕನೆ ಎತ್ತಿ ಒತ್ತುವ ಕೆಲಸಕ್ಕೆ ನಿಮ್ಮ ಮಾತೇ ಸರಿ. ನಾವು ಹಕ್ಕಿಯನ್ನು ಬಹಳ ಹೊತ್ತು ಹಿಂಬಾಲಿಸುತ್ತೇವೆ, ಸ್ಟೆಬಿಲೈಸರ್ ಅಷ್ಟರಲ್ಲಿ ನೆಲೆ ನಿಂತಿರುತ್ತದೆ. ನಿಮ್ಮ ಲೆನ್ಸಿನಲ್ಲಿ ಮೋಡ್ 3 ಇದೆಯಾ ನೋಡಿ. ಕ್ಯಾನನ್ ಲೆನ್ಸ್‌ಗಳಲ್ಲಿ ಅದು ಇರುವುದೇ ಇಂಥದ್ದಕ್ಕೆ. ನೋಡುವಾಗ ಚಿತ್ರವನ್ನು ಹಿಡಿದಿಡುವುದಿಲ್ಲ, ಶಟರ್ ತೆರೆದಾಗ ಮಾತ್ರ ಸರಿಪಡಿಸುತ್ತದೆ. ದಿಕ್ಕು ಬದಲಿಸುವ ಆಟಗಾರನ ಹಿಂದೆ ಲೆನ್ಸ್ ತಿರುಗಿಸುವಾಗ ಫ್ರೇಮ್ ಎಳೆದ ಹಾಗೆ ಅನಿಸುವುದಿಲ್ಲ.

ಹೊಸ_ಟ್ರೈಪಾಡ್:

ಗೈರೋಗೆಳೆಯ ಸರ್, ನೀವು ಹೇಳಿದ ಹಾಗೆ ಲೈವ್ ವ್ಯೂನಲ್ಲಿ ಹಿಗ್ಗಿಸಿ ನೋಡಿದೆ. ಚಿತ್ರ ನಿಧಾನವಾಗಿ ಎಡಕ್ಕೆ ಜಾರಿ, ಸ್ವಲ್ಪ ಹೊತ್ತಿಗೆ ಟಕ್ ಅಂತ ವಾಪಸ್ ಬರುತ್ತದೆ! ಆಫ್ ಮಾಡಿದರೆ ಕಲ್ಲಿನ ಹಾಗೆ ನಿಲ್ಲುತ್ತದೆ. ಉತ್ತರ ಸಿಕ್ಕಿತು. ತುಂಬಾ ಧನ್ಯವಾದ.

ಆದರೆ ಒಂದು ಅನುಮಾನ. ಬಸ್ಸಿನ ಪಕ್ಕ ಓಡುವ ಸೈಕಲ್ ಥರದ್ದನ್ನು ಹಿನ್ನೆಲೆ ಎಳೆದ ಹಾಗೆ ಬರಿಸುತ್ತಾರಲ್ಲ, ಪ್ಯಾನಿಂಗ್. ಅಲ್ಲಿ ಕ್ಯಾಮೆರಾ ಬೇಕಂತಲೇ ತಿರುಗುತ್ತದೆ. ಸ್ಟೆಬಿಲೈಸರ್ ಅದನ್ನೂ ತಡೆಯುತ್ತದಾ?

ಗೈರೋಗೆಳೆಯ:

ತಡೆಯಲು ನೋಡುತ್ತದೆ. ಅದಕ್ಕೆ ನಿಮ್ಮ ಉದ್ದೇಶ ಗೊತ್ತಿಲ್ಲ. ಮಾಮೂಲಿ ಮೋಡ್‌ನಲ್ಲಿ ನೀವು ಬಲಕ್ಕೆ ತಿರುಗಿಸಿದರೆ ಅದು ಚಿತ್ರವನ್ನು ಎಡಕ್ಕೆ ಹಿಡಿದು ನಿಲ್ಲುತ್ತದೆ, ಸರಿಯುವ ಜಾಗ ಮುಗಿದಾಗ ಒಮ್ಮೆಗೇ ಬಿಟ್ಟುಬಿಡುತ್ತದೆ. 1/30ರಲ್ಲಿ ಸೈಕಲ್ ಹಿಂಬಾಲಿಸುವಾಗ ಹೀಗಾದರೆ ಸವಾರನೂ ಬ್ಲರ್, ಹಿನ್ನೆಲೆಯೂ ಬ್ಲರ್.

ಇದಕ್ಕಾಗಿ ತುಂಬಾ ಲೆನ್ಸ್‌ಗಳಲ್ಲಿ ಮೋಡ್ 2 ಇದೆ. ಅಡ್ಡಕ್ಕೆ ತಿರುಗಿಸಿದರೆ ಅಡ್ಡದ ಅಲುಗಾಟವನ್ನು ಬಿಟ್ಟು ಮೇಲೆ ಕೆಳಗಿನದನ್ನು ಮಾತ್ರ ಸರಿಪಡಿಸುತ್ತದೆ. ನಿಕಾನ್‌ನ ನಾರ್ಮಲ್ ಮೋಡ್ ಪ್ಯಾನಿಂಗನ್ನು ತಾನೇ ಗುರುತಿಸುತ್ತದೆ, ಪ್ರತ್ಯೇಕ ಸ್ವಿಚ್ ಬೇಡ. ಎರಡೂ ಇಲ್ಲದ ಸಾದಾ ಲೆನ್ಸ್ ಆದರೆ ಆಫ್ ಮಾಡಿ. ಗಿಡುಗ ಎರಗುವ ಹಾಗೆ ಓರೆಯಾಗಿ ಇಳಿಯುವುದನ್ನು ಹಿಂಬಾಲಿಸುವಾಗಲೂ ಅಷ್ಟೇ, ಅಡ್ಡನಾ ಉದ್ದನಾ ಅಂತ ಲೆನ್ಸಿಗೆ ಗೊಂದಲ ಆಗಬಹುದು.

ಬಸ್ಸಿನ ಒಳಗಿಂದಲೇ ತೆಗೆಯುವುದಾದರೆ ಅದು ಬೇರೆ. ನಿಕಾನ್ ಲೆನ್ಸ್‌ಗಳಲ್ಲಿ ಆಕ್ಟಿವ್ ಅಂತ ಇರುವ ಮೋಡ್ ಓಡುವ ಗಾಡಿಯಿಂದ ತೆಗೆಯಲೆಂದೇ ಇರುವುದು. ಅಲ್ಲಿ ಆಫ್ ಮಾಡಬೇಡಿ. ಮೈಯನ್ನೋ ಲೆನ್ಸನ್ನೋ ಕಿಟಕಿಗೆ ಆನಿಸಲೂ ಬೇಡಿ, ಇಂಜಿನ್ನಿನ ಅದುರು ಸೀದಾ ಕ್ಯಾಮೆರಾಗೆ ಬರುತ್ತದೆ. ಸ್ಟೆಬಿಲೈಸರ್ ಮಾಡಿರುವುದು ಕೈಯ ನಿಧಾನದ ನಡುಕಕ್ಕೆ, ಅಷ್ಟು ಚುರುಕಾದ ಅದುರನ್ನು ಹಿಡಿಯುವುದು ಅದಕ್ಕೆ ಕಷ್ಟ.

ಮ್ಯಾಕ್ರೋಲೋಕ:

ಮ್ಯಾಕ್ರೋ ಬಗ್ಗೆ ಯಾರೂ ಹೇಳಲಿಲ್ಲ, ನಾನು ಸೇರಿಸುತ್ತೇನೆ.

ದೂರದ ವಸ್ತುವಿಗೆ ಕ್ಯಾಮೆರಾ ತಿರುಗುವುದೇ ದೊಡ್ಡ ಸಮಸ್ಯೆ. ಹುಳದ ಮುಖಕ್ಕೆ ಲೆನ್ಸ್ ಇಟ್ಟು 1:1ರಲ್ಲಿ (ಸೆನ್ಸರ್ ಮೇಲೆ ಅಸಲಿ ಗಾತ್ರದಲ್ಲೇ) ತೆಗೆಯುವಾಗ ಹಾಗಲ್ಲ. ತಿರುಗದೆ ಬರೀ ಪಕ್ಕಕ್ಕೆ ಅರ್ಧ ಮಿಲಿಮೀಟರ್ ಸರಿದರೂ ಸೆನ್ಸರ್ ಮೇಲೆ ಚಿತ್ರ ಅರ್ಧ ಮಿಲಿಮೀಟರೇ ಸರಿಯುತ್ತದೆ. ತಿರುಗುವಿಕೆಯನ್ನು ಮಾತ್ರ ಅಳೆಯುವ ಗೈರೋಗೆ ಇದು ಗೊತ್ತೇ ಆಗುವುದಿಲ್ಲ. 2009ರಲ್ಲಿ ಬಂದ ಕ್ಯಾನನ್ 100 ಎಂಎಂ ಎಲ್ ಮ್ಯಾಕ್ರೋ ಲೆನ್ಸಿನಲ್ಲಿ ಗೈರೋ ಜೊತೆಗೆ ಪಕ್ಕಕ್ಕೆ ಸರಿಯುವುದನ್ನು ಅಳೆಯುವ ಸೆನ್ಸರನ್ನೂ ಇಟ್ಟರು. ಅದರಲ್ಲೂ ಕಂಪನಿಯೇ ಹೇಳುವುದು ಮಾಮೂಲಿ ದೂರದಲ್ಲಿ ಸುಮಾರು 4 ಸ್ಟಾಪ್ (ಒಂದೊಂದು ಸ್ಟಾಪಿಗೂ ಶಟರ್ ಎರಡು ಪಟ್ಟು ಹೊತ್ತು ತೆರೆದಿಡಬಹುದು), 1:1ರಲ್ಲಿ ಸುಮಾರು 2 ಸ್ಟಾಪ್ ಅಂತ. ಹಿಂದೆ ಮುಂದೆ ಓಲಾಡಿ ಫೋಕಸ್ ತಪ್ಪಿದರಂತೂ ಸ್ಟೆಬಿಲೈಸರ್ ಏನೂ ಮಾಡಲಾರದು.

ಕೈಯಲ್ಲಿ ಹಿಡಿದಾಗ ಆನ್ ಇಡುತ್ತೇನೆ, ಫ್ರೇಮ್ ಕೂರಿಸಲು ಸಹಾಯ ಆಗುತ್ತದೆ. ಫ್ಲ್ಯಾಶ್ ಬೆಳಕೇ ಮುಖ್ಯವಾಗಿದ್ದರೆ ಚಿತ್ರವನ್ನು ಹಿಡಿದು ನಿಲ್ಲಿಸುವುದು ಫ್ಲ್ಯಾಶಿನ ಮಿಂಚು, ಆನ್ ಆದರೂ ಆಫ್ ಆದರೂ ವ್ಯತ್ಯಾಸ ಕಾಣುವುದಿಲ್ಲ.

ಕ್ಯಾಮೆರಾವನ್ನು ರೈಲ್ ಮೇಲಿಟ್ಟು ಫೋಕಸ್ ಸ್ಟ್ಯಾಕಿಂಗ್ (ಬೇರೆ ಬೇರೆ ಫೋಕಸ್‌ನ ಚಿತ್ರಗಳನ್ನು ಒಂದಾಗಿ ಸೇರಿಸುವುದು) ಮಾಡುವಾಗ ಮಾತ್ರ ಖಂಡಿತ ಆಫ್. ಒಂದೊಂದು ಫ್ರೇಮಿಗೂ ಗಾಜಿನ ಗುಂಪು ಒಂದೊಂದು ಜಾಗದಲ್ಲಿ ನಿಂತರೆ ಚಿತ್ರಗಳು ಒಂದರ ಮೇಲೊಂದು ಕೂರುವುದಿಲ್ಲ. ಎಚ್‌ಡಿಆರ್, ಪನೋರಮಾಗೂ ಟ್ರೈಪಾಡ್ ಮೇಲೆ ಇದೇ ಮಾತು.

ರಾತ್ರಿಆಕಾಶ:

ನಕ್ಷತ್ರದ ಫೋಟೋಗೆ ಯೋಚನೆಯೇ ಬೇಡ, ಆಫ್. ಹೆಚ್ಚು ಹೊತ್ತು ಶಟರ್ ತೆರೆದಿಟ್ಟರೆ ಗೈರೋ ಹೇಗೆ ದಾರಿ ತಪ್ಪಬಹುದು ಅನ್ನುವುದಕ್ಕೆ, ನೆಲದ ಮೇಲಿನ ಗುಡ್ಡವನ್ನೇ ಇಟ್ಟುಕೊಂಡು ಒಂದು ಚಂದದ ಲೆಕ್ಕ ಇದೆ.

ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ. ಅಂದರೆ ಸೆಕೆಂಡಿಗೆ 15 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯ 3600ನೇ ಒಂದು ಪಾಲು ಒಂದು ಆರ್ಕ್‌ಸೆಕೆಂಡ್). ಟ್ರೈಪಾಡ್, ಕ್ಯಾಮೆರಾ, ಎದುರಿನ ಗುಡ್ಡ ಎಲ್ಲವೂ ಭೂಮಿಯ ಜೊತೆಯೇ ತಿರುಗುತ್ತವೆ, ಹಾಗಾಗಿ ಚಿತ್ರದಲ್ಲಿ ಅಲುಗಾಟ ಇಲ್ಲ. ಆದರೆ ಗೈರೋಗೆ ಆ ತಿರುಗುವಿಕೆ ಗೊತ್ತಾಗುತ್ತದೆ! 300 ಎಂಎಂ ಲೆನ್ಸಿನಲ್ಲಿ 15 ಆರ್ಕ್‌ಸೆಕೆಂಡ್ ಅಂದರೆ ಸೆನ್ಸರ್ ಮೇಲೆ ಹೆಚ್ಚುಕಡಿಮೆ 22 ಮೈಕ್ರಾನ್. 24 ಮೆಗಾಪಿಕ್ಸೆಲ್ ಫುಲ್ ಫ್ರೇಮ್ ಸೆನ್ಸರಿನ ಒಂದು ಪಿಕ್ಸೆಲ್ ಸುಮಾರು 6 ಮೈಕ್ರಾನ್. ಸ್ಟೆಬಿಲೈಸರ್ ಅದನ್ನು ಕೈ ಅಲುಗಾಟ ಅಂತ ತಿಳಿದು ಪೂರ್ತಿ ಸರಿಪಡಿಸಿಬಿಟ್ಟರೆ, ಒಂದೇ ಸೆಕೆಂಡಿನಲ್ಲಿ ಹೆಚ್ಚೆಂದರೆ ಮೂರೂವರೆ ಪಿಕ್ಸೆಲ್‌ನಷ್ಟು ಎಳೆತ. ಕ್ಯಾಮೆರಾ ಯಾವ ದಿಕ್ಕಿಗೆ ನೋಡುತ್ತಿದೆ ಅನ್ನುವುದರ ಮೇಲೆ ಇದು ಕಡಿಮೆಯೂ ಆಗುತ್ತದೆ. ಕಂಪನಿಗಳು ಇಂಥ ನಿಧಾನದ ಸಂಕೇತವನ್ನು ಸೋಸಿ ತೆಗೆಯುತ್ತವೆ, ಆದರೆ ಕೈ ನಿಧಾನವಾಗಿ ಜಾರುವುದೂ ಹೀಗೆಯೇ ಕಾಣುವುದರಿಂದ ಪೂರ್ತಿ ಬೇರ್ಪಡಿಸುವುದು ಕಷ್ಟ.

ಸ್ಟಾರ್ ಟ್ರ್ಯಾಕರ್ (ನಕ್ಷತ್ರಗಳ ಜೊತೆ ಕ್ಯಾಮೆರಾವನ್ನು ನಿಧಾನವಾಗಿ ತಿರುಗಿಸುವ ಯಂತ್ರ) ಮೇಲೆ ಕ್ಯಾಮೆರಾ ಕೂರಿಸಿದಾಗಲೂ ಆಫ್. ಟ್ರ್ಯಾಕರ್ ಬೇಕಂತಲೇ ತಿರುಗಿಸುತ್ತಿರುವಾಗ ನಡುವೆ ಬಾಯಿ ಹಾಕುವವರು ಬೇಡ. ಇದೇ ಸೆನ್ಸರ್ ಸರಿಸುವ ಯಂತ್ರವನ್ನು ಪೆಂಟಾಕ್ಸ್ ನಕ್ಷತ್ರ ಹಿಂಬಾಲಿಸಲು ಬಳಸಿತು, 2011ರಲ್ಲಿ ಜಿಪಿಎಸ್ ಜೋಡಣೆಯ ಜೊತೆ. ಅಲ್ಲಿ ಸೆನ್ಸರ್ ಸರಿಯುವುದು ಕೈ ನಡುಕಕ್ಕಲ್ಲ, ಆಕಾಶದ ಲೆಕ್ಕಕ್ಕೆ. ಆ ಕೆಲಸ ನನಗೆ ಇವತ್ತಿಗೂ ಬಹಳ ಇಷ್ಟ.

ವಿಡಿಯೋಕೈ:

ವಿಡಿಯೋದವರಿಗೆ ಚಿಕ್ಕದಾಗಿ. ಟ್ರೈಪಾಡ್ ಮೇಲೆ ಪ್ಯಾನ್ ಮಾಡುವುದಾದರೆ ಆಫ್. ಆನ್ ಇದ್ದರೆ ಪ್ಯಾನ್ ನಿಂತ ಮೇಲೂ ಫ್ರೇಮ್ ಇನ್ನೊಂದಿಷ್ಟು ಜಾರಿ ನಿಲ್ಲುತ್ತದೆ. ಎಡಿಟಿಂಗ್‌ನಲ್ಲಿ ಅದನ್ನು ತೆಗೆಯಲು ಆಗುವುದಿಲ್ಲ. ಮೋಟಾರ್ ಇರುವ ಗಿಂಬಲ್ ಮೇಲೂ ನಾನು ಆಫ್ ಮಾಡಿಯೇ ಶುರು ಮಾಡುತ್ತೇನೆ, ಎರಡು ಯಂತ್ರ ಒಂದೇ ಕೆಲಸಕ್ಕೆ ಕೈ ಹಾಕಿದರೆ ಜಗ್ಗಾಟ. ಅಗಲದ ಲೆನ್ಸ್ ಹಾಕಿ ನಡೆಯುತ್ತಾ ತೆಗೆಯುವಾಗ ಮೂಲೆಗಳು ರಬ್ಬರಿನ ಹಾಗೆ ಎಳೆದಾಡುತ್ತವೆ, ಅದು ಸೆನ್ಸರ್ ಸರಿಯುವುದರ ಗುರುತು. ಡಿಜಿಟಲ್ ಸ್ಟೆಬಿಲೈಸೇಷನ್ ಹಾಕಿದರೆ ಫ್ರೇಮಿನ ಸುತ್ತ ಸ್ವಲ್ಪ ಕತ್ತರಿಸಿ ಹೋಗುತ್ತದೆ, ಮೊದಲೇ ಜಾಗ ಬಿಟ್ಟು ಫ್ರೇಮ್ ಮಾಡಿ.

ಬೆಳಕುಬೇಟೆ:

ಒಂದು ಪ್ರಶ್ನೆ ಉಳಿಯಿತು. ಲೆನ್ಸಿನಲ್ಲೂ ಸ್ಟೆಬಿಲೈಸರ್, ಬಾಡಿಯಲ್ಲೂ ಸ್ಟೆಬಿಲೈಸರ್. ಎರಡೂ ಆನ್ ಇಡಬಹುದಾ?

ಹಳೇಲೆನ್ಸ್:

ಒಂದೇ ಕಂಪನಿಯ ಹೊಸ ಮಿರರ್‌ಲೆಸ್ ಬಾಡಿ, ಹೊಸ ಲೆನ್ಸ್ ಆದರೆ ಎರಡೂ ಮಾತಾಡಿಕೊಂಡು ಕೆಲಸ ಹಂಚಿಕೊಳ್ಳುತ್ತವೆ. ಸುಮ್ನೆ ಆನ್ ಇಡಿ. ಒಂದಕ್ಕೊಂದು ಪರಿಚಯ ಇಲ್ಲದ ಜೋಡಿ ಆದರೆ ಒಂದನ್ನು ಆಫ್ ಮಾಡಲೇಬೇಕು. ಇಬ್ಬರೂ ಒಂದೇ ಅಲುಗಾಟವನ್ನು ಪೂರ್ತಿ ಸರಿಪಡಿಸಿದರೆ ಚಿತ್ರ ಅಷ್ಟೇ ದೂರ ಎದುರು ದಿಕ್ಕಿಗೆ ಹೋಗುತ್ತದೆ. ಉದ್ದ ಲೆನ್ಸ್ ಆದರೆ ಲೆನ್ಸಿನದ್ದನ್ನೇ ಉಳಿಸಿಕೊಳ್ಳಿ. ಫೋಕಲ್ ಲೆಂತ್ (ಲೆನ್ಸಿನ ಎಂಎಂ ಅಂಕಿ) ಜಾಸ್ತಿ ಆದಷ್ಟೂ ಸೆನ್ಸರ್ ಸರಿಯಬೇಕಾದ ದೂರ ಜಾಸ್ತಿ, ಅದಕ್ಕೆ ಅಷ್ಟು ಜಾಗ ಇರುವುದಿಲ್ಲ.

ಬಯಲುಬಾಡಿ:

ಹಳೇಲೆನ್ಸ್ ಸರ್, ನಿಮ್ಮ ಹೆಸರು ನೋಡಿಯೇ ಕೇಳುತ್ತಿದ್ದೇನೆ. ನನ್ನ ಬಳಿ ಒಂದು ಹಳೆಯ ಮ್ಯಾನುಯಲ್ 70-210 ಎಂಎಂ ಜೂಮ್ ಇದೆ. ಅಡಾಪ್ಟರ್ ಹಾಕಿ ಮಿರರ್‌ಲೆಸ್ ಬಾಡಿಗೆ ಹಚ್ಚಿದರೆ ಫೋಕಲ್ ಲೆಂತ್ ಎಷ್ಟು ಅಂತ ಬಾಡಿ ಕೇಳುತ್ತದೆ. ಜೂಮ್ ತಿರುಗಿಸುತ್ತಲೇ ಇರುತ್ತೇನಲ್ಲ, ಯಾವ ಅಂಕಿ ಹಾಕಲಿ? ಇಲ್ಲ ಆಫ್ ಮಾಡಿಬಿಡಲಾ?

ಹಳೇಲೆನ್ಸ್:

ಇದು ತುಂಬಾ ಮುಖ್ಯವಾದ ಪ್ರಶ್ನೆ. ಸೆನ್ಸರ್ ಎಷ್ಟು ದೂರ ಸರಿಯಬೇಕು ಅನ್ನುವುದು ಫೋಕಲ್ ಲೆಂತ್ ಮೇಲೆ ನಿಂತಿದೆ. ಹಳೆಯ ಲೆನ್ಸಿಗೆ ಬಾಡಿ ಜೊತೆ ಮಾತಾಡಲು ಬರುವುದಿಲ್ಲ, ನೀವು ಹಾಕಿದ ಅಂಕಿಯನ್ನೇ ಬಾಡಿ ನಂಬುತ್ತದೆ.

ಲೆನ್ಸ್ 70ರಲ್ಲಿದೆ, ನೀವು 210 ಅಂತ ಹಾಕಿದ್ದೀರಿ ಅಂದುಕೊಳ್ಳಿ. ಸೆನ್ಸರ್ ಬೇಕಾದ್ದಕ್ಕಿಂತ ಮೂರು ಪಟ್ಟು ಸರಿಯುತ್ತದೆ. ಅಲುಗಾಟ ಹೋಗಿ, ಅದರ ಎರಡು ಪಟ್ಟು ಅಲುಗಾಟ ಎದುರು ದಿಕ್ಕಿಗೆ ಉಳಿಯುತ್ತದೆ. ಆಫ್ ಮಾಡಿದ್ದರೆ ಬರುತ್ತಿದ್ದ ಬ್ಲರ್‌ಗಿಂತ ಇದು ಎರಡರಷ್ಟು ಕೆಟ್ಟದ್ದು. ಈಗ ಉಲ್ಟಾ ನೋಡಿ. ಲೆನ್ಸ್ 210ರಲ್ಲಿದೆ, ಅಂಕಿ 70. ಮೂರರಲ್ಲಿ ಒಂದು ಪಾಲು ಮಾತ್ರ ಸರಿಹೋಗುತ್ತದೆ. ಲಾಭ ಕಡಿಮೆ, ಆದರೂ ಆಫ್‌ಗಿಂತ ಮೇಲು. ಹಾಗಾಗಿ ಪದೇಪದೇ ಬದಲಿಸಲು ಆಗದಿದ್ದರೆ ಕಡಿಮೆ ಅಂಕಿ, ಅಂದರೆ 70 ಹಾಕಿ. ಹಾಕಿದ ಅಂಕಿ ನಿಜವಾದ ಫೋಕಲ್ ಲೆಂತ್‌ಗಿಂತ ಎರಡು ಪಟ್ಟು ದಾಟಿದರೆ ಮಾತ್ರ ಆಫ್ ಮಾಡುವುದೇ ಒಳ್ಳೆಯದು.

ಇನ್ನೆರಡು ಮಾತು. ಲೆನ್ಸಿನ ಮೇಲೆ ಬರೆದ ಅಂಕಿಯನ್ನೇ ಹಾಕಿ, ಕ್ರಾಪ್ ಸೆನ್ಸರ್ (ಫುಲ್ ಫ್ರೇಮ್‌ಗಿಂತ ಚಿಕ್ಕದು) ಅಂತ 1.5ರಿಂದ ಗುಣಿಸಬೇಡಿ. ಫೋಕಲ್ ಲೆಂತ್ ಹೆಚ್ಚಿಸಲು ಲೆನ್ಸ್ ಮತ್ತು ಬಾಡಿಯ ನಡುವೆ 2 ಪಟ್ಟಿನ ಟೆಲಿಕನ್ವರ್ಟರ್ ಹಾಕಿದ್ದರೆ ಆಗ ಮಾತ್ರ 2ರಿಂದ ಗುಣಿಸಿ.

ಬಯಲುಬಾಡಿ:

ಸರ್, ನನ್ನ ಬಾಡಿ ಮೆನುವಿನಲ್ಲಿ ಹೋದ ವಾರ ಹಾಕಿದ್ದ 400 ಹಾಗೇ ಕೂತಿದೆ, ಅದು ಬೇರೆ ಲೆನ್ಸಿನದು. ಈಗಲೇ 70 ಮಾಡುತ್ತೇನೆ. ಫೋಕಲ್ ಲೆಂತ್ ಮೆನುವನ್ನು ಒಂದು ಫಂಕ್ಷನ್ ಬಟನ್‌ಗೆ ಹಾಕಿಕೊಳ್ಳಬಹುದಾ?

ಹಳೇಲೆನ್ಸ್:

ತುಂಬಾ ಬಾಡಿಗಳಲ್ಲಿ ಆಗುತ್ತದೆ. ಬಟನ್ ಸೆಟ್ಟಿಂಗ್ಸ್‌ನಲ್ಲಿ ನೋಡಿ. ಅದು ಸಿಗದಿದ್ದರೆ ನಿಮ್ಮದೇ ಮೆನು ಮಾಡಿಕೊಳ್ಳುವ ಪುಟ ಇರುತ್ತದೆ, ಅಲ್ಲಿ ಮೊದಲ ಸಾಲಿಗೆ ಸ್ಟೆಬಿಲೈಸರ್ ಆನ್-ಆಫ್, ಎರಡನೆಯದಕ್ಕೆ ಫೋಕಲ್ ಲೆಂತ್ ಹಾಕಿಕೊಳ್ಳಿ.